ಐದು ಪೊಟ್ಟಣ, ಒಂದು ಕೆಂಪು ಪೆನ್ಸಿಲ್

ಟೈಲ್ಸ್ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕಾಟು ಎಂದೇ ಕರೆಯುತ್ತಿದ್ದರು. ಎದೆಯ ಮೇಲಿನ ಬಿಲ್ಲೆಯಲ್ಲಿ ‘ಗುಣಮಟ್ಟ ತಪಾಸಣೆ’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಆದರೆ ಆ ಬಿಲ್ಲೆಗೆ ಸಲಾಮು ಹೊಡೆದವರನ್ನು ಅವನು ಈವರೆಗೆ ಕಂಡಿರಲಿಲ್ಲ. ಕೆಲಸ ಇಷ್ಟೇ: ಟ್ಯೂಬ್‌ಲೈಟುಗಳ ಕೆಳಗೆ ಒಂದು ಬೆಲ್ಟ್ ಓಡುತ್ತದೆ, ಅದರ ಮೇಲೆ ಬಿಳಿ ಟೈಲುಗಳು ಒಂದರ ಹಿಂದೊಂದು ಬರುತ್ತವೆ, ಇವನು ಸ್ಟೂಲಿನ ಮೇಲೆ ಕೂತು ನೋಡುತ್ತಾನೆ. ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ, ಮೈಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ, ಮೂಲೆ ಕೂದಲೆಳೆಯಷ್ಟು ಸೊಟ್ಟಗಿದ್ದರೆ, ಕಿವಿಯ ಹಿಂದಿನ ಕೆಂಪು ಮೇಣದ ಪೆನ್ಸಿಲ್ ತೆಗೆದು ಅಡ್ಡಗೆರೆ ಎಳೆದು ಕಾಟು ಹೊಡೆಯುತ್ತಾನೆ. ಮುಂದೆ ನಿಂತವರು ಅದನ್ನು ಎತ್ತಿ ಪಕ್ಕಕ್ಕೆ ಹಾಕುತ್ತಾರೆ. ಚೆನ್ನಾಗಿರುವ ಟೈಲಿಗೆ ಯಾವ ಗುರುತೂ ಇಲ್ಲ. ಅದು ತನ್ನ ಪಾಡಿಗೆ ತಾನು ಮುಂದೆ ಹೋಗುತ್ತದೆ.

ಆರು ವರ್ಷ ಹೀಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತ ಮೇಲೆ ಮನುಷ್ಯನ ಕಣ್ಣು ಮನುಷ್ಯನದಾಗಿ ಉಳಿಯುವುದಿಲ್ಲ. ಕಣ್ಣು ಮುಚ್ಚಿದರೂ ರೆಪ್ಪೆಯೊಳಗೆ ಬೆಲ್ಟ್ ಓಡುತ್ತಲೇ ಇರುತ್ತಿತ್ತು. ಮನೆಯಲ್ಲಿ ಅಮ್ಮ ಅಂಚು ಒಡೆದ ತಟ್ಟೆಗಳನ್ನು ಅವನ ಕಣ್ಣಿಗೆ ಬೀಳದಂತೆ ಕಪಾಟಿನ ಹಿಂದೆ ಅಡಗಿಸುತ್ತಿದ್ದಳು. ಅಕ್ಕನ ಹೊಸ ಮನೆಗೆ ಮೊದಲ ಸಲ ಹೋದಾಗ ಇವನು ಆಡಿದ ಮೊದಲ ಮಾತು, “ಆ ಬಾಗಿಲು ಎಡಕ್ಕೆ ವಾಲಿದೆ.” ಭಾವ ಅವತ್ತಿನಿಂದ ಇವನ ಜೊತೆ ಹವಾಮಾನದ ವಿಷಯ ಬಿಟ್ಟು ಬೇರೇನೂ ಮಾತಾಡಿಲ್ಲ.

ತನ್ನನ್ನೂ ಅವನು ಬಿಟ್ಟವನಲ್ಲ. ಬೆಳಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಕಾಣುವ ಸರಕನ್ನು ಒಮ್ಮೆ ಪರಿಶೀಲಿಸುತ್ತಿದ್ದ: ಮೂಗು ಎಡಕ್ಕೆ ಎರಡು ನೂಲು, ಬಲ ಭುಜ ಸ್ಟೂಲಿನ ದೆಸೆಯಿಂದ ಒಂದಿಂಚು ಕೆಳಗೆ, ಕಿವಿಗಳು ಬೇರೆ ಬೇರೆ ಅಚ್ಚಿನವು. ಬೆಲ್ಟಿನ ಮೇಲೆ ಬಂದಿದ್ದರೆ ತಾನು ಮೊದಲ ತಿರುವು ದಾಟುತ್ತಿರಲಿಲ್ಲ ಎಂಬುದರಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ.

ಇಂಥವನನ್ನು ಮದುವೆಯಾಗಲು ಒಪ್ಪಿದವಳು ಹಲ್ಲಿನ ಡಾಕ್ಟರ ಹತ್ತಿರ ಹಲ್ಲಿನ ಸೆಟ್ಟು ಮಾಡುವವಳು. ಇವನ ಅಮ್ಮ ಇಟ್ಟ ಹೆಸರು ಹಲ್ಲಿನ ಹುಡುಗಿ. ಮೂರು ವರ್ಷದ ಪರಿಚಯ. ಉಂಗುರದ ಮಾತು ಬಂದಾಗ ಅವಳು ಕೇಳಿದ್ದು ಒಂದೇ: “ಗುಂಡಗೆ ಮಿಣಮಿಣ ಅನ್ನೋ ವಜ್ರ ಬೇಡ. ಎಮರಾಲ್ಡ್ ಕಟ್ ಅಂತಾರಲ್ಲ, ಅದು ಬೇಕು.” ಯಾಕೆಂದರೆ ಒಮ್ಮೆ ಹಲ್ಲು ಕೀಳಿಸಿಕೊಳ್ಳಲು ಬಂದ ವಯಸ್ಸಾದ ಹೆಂಗಸೊಬ್ಬರು ಹೆದರಿ ಇವಳ ಕೈ ಗಟ್ಟಿಯಾಗಿ ಹಿಡಿದಿದ್ದರಂತೆ. ಅವರ ಬೆರಳಲ್ಲಿ ಅಂಥದ್ದೊಂದು ಕಲ್ಲಿತ್ತಂತೆ. ಉದ್ದನೆಯ ಚೌಕ, ಮೂಲೆಗಳನ್ನು ಕತ್ತರಿಸಿದ್ದು, ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗೆರೆಗಳು. “ಅಷ್ಟು ಗಲಾಟೆಯಲ್ಲೂ ಅದೊಂದು ಸುಮ್ನೆ ಕೂತಿತ್ತು ನೋಡು,” ಎಂದಿದ್ದಳು.

ಮೂರು ಅಂಗಡಿ ಸುತ್ತಿದ್ದಾಯಿತು. ಮೊದಲನೆಯದರಲ್ಲಿ ಕಲ್ಲಿಗೆ ಹಳದಿ ಛಾಯೆ ಎಂದ. ಎರಡನೆಯದರಲ್ಲಿ ತೀರಾ ಉದ್ದ, ಇದು ಕಲ್ಲೋ ಅಡಿಪಟ್ಟಿಯೋ ಎಂದ. ಮೂರನೆಯದರಲ್ಲಿ ಕಲ್ಲು ಸರಿಯಿತ್ತು, ಅಂಗಡಿಯವನ ನಗು ಸರಿಯಿಲ್ಲ ಎಂದ. ಹೊರಗೆ ಬಂದು ಫುಟ್‌ಪಾತಿನ ಮೇಲೆ ನಿಂತಾಗ ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ನಿರಾಳವಾಗುತ್ತಿತ್ತು.

“ಒಂದು ಕೇಳ್ತೀನಿ,” ಎಂದಳು. “ಮೂರು ವರ್ಷದಲ್ಲಿ ಒಂದೇ ಒಂದು ಸಲ, ಏನನ್ನಾದ್ರೂ ಚೆನ್ನಾಗಿದೆ ಅಂದಿದ್ದೀಯಾ?”

ಅವನು ಯೋಚಿಸಿದ. ಯೋಚಿಸಿದ್ದೇ ತಪ್ಪಾಯಿತು.

“ಶನಿವಾರ ಇನ್ನೊಂದು ಅಂಗಡಿ ಇದೆ,” ಎಂದಳು. “ಅಲ್ಲೂ ನಿನ್ನ ಕಣ್ಣಿಗೆ ಏನೂ ಬರ್ಲಿಲ್ಲ ಅಂದ್ರೆ ಬಿಟ್ಬಿಡೋಣ. ಉಂಗುರ ಅಷ್ಟೇ ಅಲ್ಲ. ನನಗೆ ನಲವತ್ತು ವರ್ಷ ತಪಾಸಣೆ ಮಾಡಿಸ್ಕೊಳ್ಳೋಷ್ಟು ಶಕ್ತಿ ಇಲ್ಲ ಕಣೋ.”

ಶನಿವಾರ ಮಧ್ಯಾಹ್ನ ಪಾಳಿ ಮುಗಿಸಿ, ಕೈಯಲ್ಲಿ ಟೈಲಿನ ಧೂಳು ಹಾಗೇ ಇಟ್ಟುಕೊಂಡು ಅವನು ನೇರವಾಗಿ ಬಂದ. ಅಂಗಡಿ ಎನ್ನುವಂಥ ಅಂಗಡಿಯಲ್ಲ. ಕಿರಿದಾದ ಮೆಟ್ಟಿಲು ಹತ್ತಿದರೆ ಒಂದು ಕೋಣೆ, ಒಂದು ದೊಡ್ಡ ಕಿಟಕಿ, ಕಿಟಕಿಗೆ ಒತ್ತಿದಂತೆ ಬಿಳಿ ಹಾಳೆ ಹಾಸಿದ ಮೇಜು. ಮೇಜಿನ ಹಿಂದೆ ಕನ್ನಡಕವನ್ನು ಹಣೆಗೇರಿಸಿಕೊಂಡ ಐವತ್ತು ದಾಟಿದ ಹೆಂಗಸು. ಗಂಡ ವಜ್ರಕ್ಕೆ ಸಾಣೆ ಹಿಡಿಯುತ್ತಿದ್ದವರು, ಈಗ ಕೈ ನಡುಗುತ್ತದೆಂದು ಮನೆಯಲ್ಲಿದ್ದಾರೆ, ವ್ಯಾಪಾರ ಈಕೆಯದು. ಎಲ್ಲರೂ ಕಲ್ಲಮ್ಮ ಎನ್ನುತ್ತಾರೆ, ನೀವೂ ಹಾಗೇ ಅನ್ನಿ ಎಂದು ಅವರೇ ಹೇಳಿದರು.

“ಕೂತ್ಕೊಳ್ಳಿ. ಇಬ್ರೂ ತುಂಬ ಸುಸ್ತಾದ ಹಾಗಿದೆ.”

“ನಾಲ್ಕನೇ ಅಂಗಡಿ ಅಮ್ಮಾ,” ಎಂದಳು ಹಲ್ಲಿನ ಹುಡುಗಿ.

“ನಾಲ್ಕೇ ತಾನೆ? ಹದಿನೇಳನೇ ಅಂಗಡಿ ಅಂತ ಬಂದೋರನ್ನ ನೋಡಿದ್ದೀನಿ. ಅವರಿಗೆ ಬೇಕಾಗಿದ್ದದ್ದು ಉಂಗುರ ಅಲ್ಲ, ವಿರಾಮ.” ಕಲ್ಲಮ್ಮ ಮೇಜಿನ ದೀಪ ಆರಿಸಿದರು. “ಈ ದೀಪದಡಿ ಗಾಜಿನ ಚೂರೂ ರಾಜಕುಮಾರನೇ. ಕಿಟಕಿ ಬೆಳಕಲ್ಲಿ ನೋಡಿ.”

ಖಾನೆಯಿಂದ ಮಡಿಚಿದ ಐದು ಕಾಗದದ ಪೊಟ್ಟಣ ತೆಗೆದು ಸಾಲಾಗಿ ಇಟ್ಟರು. ಒಂದೊಂದರ ಮೇಲೂ ತೂಕ, ಬಣ್ಣ ಎಲ್ಲ ಅವರದೇ ಗುಂಡನೆಯ ಕೈಬರಹದಲ್ಲಿ.

“ಗುಂಡು ವಜ್ರ ಮಿಂಚು ಹೊಡೆದು ಕಣ್ಣು ಕಟ್ಟತ್ತೆ,” ಎಂದರು. “ಅದರ ಅಡಿಯಲ್ಲಿ ನೂರು ತಪ್ಪು ಮುಚ್ಚಿಹೋಗತ್ತೆ. ಇದು ಹಾಗಲ್ಲ. ಮುಖ ಅಗಲ, ಬಾಗಿಲು ತೆರೆದಿಟ್ಟ ಮನೆ ಇದ್ದ ಹಾಗೆ, ಒಳಗಿರೋದೆಲ್ಲ ಬೀದಿಗೆ ಕಾಣತ್ತೆ. ಸರ್ಟಿಫಿಕೇಟ್‌ನಲ್ಲಿ ತೂಕ, ಬಣ್ಣ, ಕಲೆ ಎಲ್ಲ ಬರೆದಿರತ್ತೆ. ಕಟ್ ಹೇಗೆ ಬಂದಿದೆ ಅನ್ನೋದನ್ನ ಮಾತ್ರ ಕಣ್ಣೇ ನೋಡ್ಬೇಕು.”

ಮೊದಲನೆಯ ಕಲ್ಲನ್ನು ಚಿಮಟದಲ್ಲಿ ಹಿಡಿದು ಹುಡುಗಿಯ ಎರಡು ಬೆರಳ ಸಂದಿಯಲ್ಲಿ ಕೂರಿಸಿದರು. ನೋಡಲು ದೊಡ್ಡದಾಗಿ ಕಂಡಿತು. ಆದರೆ ನಡುವೆ ಬೆಳಕೇ ಇಲ್ಲ. ಕಲ್ಲಿನ ಮೂಲಕ ಹಿಂದಿನ ಚರ್ಮ ಕಾಣುತ್ತಿತ್ತು.

“ಆಳ ಸಾಲದು,” ಎಂದ ಇವನು.

“ಸರಿಯಾಗಿ ಹೇಳ್ದೆ. ತಳ ಚಪ್ಪಟೆ ಆದ್ರೆ ಬೆಳಕು ತಿರುಗಿ ಬರಲ್ಲ, ಸೋರಿ ಹೋಗತ್ತೆ.”

ಎರಡನೆಯದು ಅದರ ತದ್ವಿರುದ್ಧ. ಹೊಟ್ಟೆ ದಪ್ಪ, ಮುಖ ಸಣ್ಣದು, ನಡುವೆ ಬಾವಿಯ ಹಾಗೆ ಕತ್ತಲೆ. ತೂಕವೆಲ್ಲ ಕೆಳಗೆ ಬಚ್ಚಿಟ್ಟುಕೊಂಡಿದೆ, ಕಾಣುವುದಿಲ್ಲ, ಕಾಸು ಮಾತ್ರ ಕೊಡಬೇಕು ಎಂದರು ಕಲ್ಲಮ್ಮ. ಮೂರನೆಯದರಲ್ಲಿ ಕತ್ತರಿಸಿದ ನಾಲ್ಕು ಮೂಲೆಗಳಲ್ಲಿ ಒಂದು ಮಿಕ್ಕವುಗಳಿಗಿಂತ ಅಗಲ. ಅದನ್ನು ಅವನು ಬರಿಗಣ್ಣಲ್ಲೇ ಹಿಡಿದ. ನಾಲ್ಕನೆಯದನ್ನು ಭೂತಗನ್ನಡಿಯಲ್ಲಿ ನೋಡಿ, “ಮೆಟ್ಟಿಲು ಸಮಾನಾಂತರ ಇಲ್ಲ. ಮೂರನೇ ಗೆರೆ ಬಲಗಡೆಗೆ ಜಾರಿದೆ,” ಎಂದಾಗ ಕಲ್ಲಮ್ಮ ಹಣೆಯ ಕನ್ನಡಕ ಮೂಗಿಗಿಳಿಸಿ ತಾವೂ ನೋಡಿದರು.

“ಅಲ್ಲಪ್ಪಾ, ಇದನ್ನ ಹಿಡಿಯೋಕೆ ನಮ್ಮೋರಿಗೆ ಎರಡು ದಿನ ಬೇಕಾಯ್ತು. ಎಲ್ಲಿ ಕೆಲಸ ನಿನ್ಗೆ?”

“ಟೈಲ್ಸ್ ಫ್ಯಾಕ್ಟರಿ.”

“ನಮ್ಮಲ್ಲಿಗೆ ಬಂದ್ಬಿಡು. ಗಿರಾಕಿ ಒಬ್ರೂ ಉಳಿಯಲ್ಲ, ಆದ್ರೂ ಬಾ.”

ಹುಡುಗಿ ನಕ್ಕಳು. ಎಷ್ಟೋ ವಾರದ ನಂತರದ ನಗು ಅದು. ಅವನಿಗೆ ತಾನೂ ಉಪಯೋಗಕ್ಕೆ ಬಂದೆನಲ್ಲ ಎಂದು ಒಳಗೊಳಗೇ ಹಿಗ್ಗಾಯಿತು.

ಐದನೆಯ ಕಲ್ಲು ಹಾಳೆಯ ಮೇಲೆ ಇಳಿಯಿತು. ಉದ್ದ ಅಗಲಕ್ಕಿಂತ ಅರ್ಧದಷ್ಟೂ ಹೆಚ್ಚಿಲ್ಲ, ಕಣ್ಣಿಗೆ ಹಿತವಾಗುವಷ್ಟು. ಹುಡುಗಿ ಅದನ್ನು ಬೆರಳ ಸಂದಿಯಲ್ಲಿಟ್ಟು ಕೈಯನ್ನು ಮೆಲ್ಲಗೆ ಓರೆ ಮಾಡಿದಳು. ಒಂದು ಮೆಟ್ಟಿಲು ಬೆಳಗಿತು, ಅದು ಆರಿದಂತೆ ಮುಂದಿನದು, ಅದರಾಚೆ ಇನ್ನೊಂದು. ಯಾರೋ ದೀಪ ಹಿಡಿದು ಮನೆಯ ಮೆಟ್ಟಿಲು ಇಳಿಯುತ್ತಿದ್ದಂತೆ. ಅವಳು ಇನ್ನೊಮ್ಮೆ ಓರೆ ಮಾಡಿ ನೋಡಿದಳು.

ಅವನು ಭೂತಗನ್ನಡಿ ಎತ್ತಿಕೊಂಡ. ಬೇಕಿರಲಿಲ್ಲ. ಕಣ್ಣು ಉರಿಯುತ್ತಿತ್ತು, ಬೆಳಗ್ಗೆ ಆರರಿಂದ ನೋಡಿ ನೋಡಿ ಸಾಕಾಗಿತ್ತು, ಆದರೂ ಕೈ ಎತ್ತಿಕೊಂಡಿತು. ಗೆರೆಗಳು ಸರಿ. ಮೂಲೆಗಳು ಸರಿ. ಎರಡನೇ ಮೆಟ್ಟಿಲ ಕೆಳಗೆ, ಒಂದು ಮೂಲೆಯ ಹತ್ತಿರ, ಹಿಟ್ಟಿನ ಕಣದಷ್ಟು ಬಿಳಿ ಚುಕ್ಕೆ.

“ಇಲ್ಲೊಂದು ಚುಕ್ಕೆ ಇದೆ,” ಎಂದ.

“ಇದೆ. ಸರ್ಟಿಫಿಕೇಟ್‌ನಲ್ಲೂ ಇದೆ, ಓದ್ಕೋ,” ಎಂದರು ಕಲ್ಲಮ್ಮ. “ಬರಿಗಣ್ಣಿಗೆ ಕಾಣಲ್ಲ. ನಡು ಮುಖದಲ್ಲಿ ಇದ್ದಿದ್ರೆ ನಾನೇ ಬೇಡ ಅಂತಿದ್ದೆ.” ಆಮೇಲೆ ಅವರ ದನಿ ಬೇರೆಯಾಯಿತು. “ಅಲ್ಲಪ್ಪಾ, ಇದೇನು ಮಾಡಿದ್ದೀಯಾ?”

ಅವನು ಕೆಳಗೆ ನೋಡಿದ. ಮೇಜಿನ ಮೇಲೆ ಸಾಲಾಗಿದ್ದ ಐದೂ ಪೊಟ್ಟಣಗಳ ಮೇಲೆ, ಆ ಗುಂಡನೆಯ ಕೈಬರಹದ ಮೇಲೆ, ದಪ್ಪನೆಯ ಕೆಂಪು ಕಾಟು. ಐದನೆಯದು ಆಗಷ್ಟೇ ಎಳೆದಂತೆ ಹೊಳೆಯುತ್ತಿತ್ತು. ಪೆನ್ಸಿಲ್ ಅವನ ಕೈಯಲ್ಲೇ ಇತ್ತು. ಕಿವಿಯಿಂದ ಅದನ್ನು ಯಾವಾಗ ತೆಗೆದನೋ ದೇವರಾಣೆಗೂ ಅವನಿಗೆ ಗೊತ್ತಿರಲಿಲ್ಲ.

ಹುಡುಗಿ ಐದನೆಯ ಕಾಗದವನ್ನೇ ನೋಡುತ್ತ ಕೂತಳು. ಆಮೇಲೆ ಕಲ್ಲನ್ನು ಜೋಪಾನವಾಗಿ ಹಾಳೆಗಿಳಿಸಿ, ಎಡಗೈಯನ್ನು ಮೇಜಿನ ಮೇಲೆ ಅವನ ಮುಂದೆ ಚಾಚಿದಳು. ಹೆಬ್ಬೆರಳಿನ ಬುಡದಲ್ಲಿ ಹಳೆಯ ಸುಟ್ಟ ಗಾಯದ ಕಲೆ. ಹಲ್ಲಿನ ಅಚ್ಚಿಗೆ ಮೇಣ ಕಾಯಿಸುವಾಗ ಆದದ್ದು.

“ಇಲ್ಲೂ ಒಂದಿದೆ,” ಎಂದಳು. “ಬರಿಗಣ್ಣಿಗೇ ಕಾಣತ್ತೆ. ಹಾಕು.”

“ಏ, ಹಾಗಲ್ಲ...”

“ಹಾಕು ಕಾಟು ಸಾಹೇಬ್ರೇ. ಎಷ್ಟು ದಿನ ಕಾಯ್ಲಿ ನಾನು?”

ಕಲ್ಲಮ್ಮ ಕಿಟಕಿಯಾಚೆ ನೋಡತೊಡಗಿದರು, ಅಲ್ಲೇನೋ ಬಹಳ ಮುಖ್ಯವಾದದ್ದು ನಡೆಯುತ್ತಿದೆ ಎಂಬಂತೆ.

ಅವನು ಪೆನ್ಸಿಲ್ ಮೇಜಿನ ಮೇಲಿಟ್ಟ. “ನಮ್ಮಲ್ಲಿ ಚೆನ್ನಾಗಿರೋದಕ್ಕೆ ಗುರುತೇ ಇಲ್ಲ,” ಎಂದ ಕೊನೆಗೆ. ಹೇಳುವಾಗಲೇ ಅದು ಎಷ್ಟು ಪೆದ್ದು ಮಾತು ಎಂದು ಅವನಿಗೆ ಅನ್ನಿಸಿತು. “ಕೆಟ್ಟಿದ್ದಕ್ಕೆ ಮಾತ್ರ ಗೆರೆ. ಚೆನ್ನಾಗಿದ್ರೆ ಸುಮ್ನಿರ್ತೀವಿ. ಅದು ಹೋಗತ್ತೆ. ನಿನ್ನ ಬಗ್ಗೆ ನಾನು ಸುಮ್ನಿದ್ದೆ ಅಂದ್ರೆ...”

“ನನಗದು ಹೇಗೆ ಗೊತ್ತಾಗ್ಬೇಕು? ನಾನೇನು ನಿನ್ನ ಬೆಲ್ಟ್ ಮೇಲೆ ಹೋಗ್ತಾ ಇದ್ದೀನಾ?”

ಅವನು ಭೂತಗನ್ನಡಿಯನ್ನು ಮೇಜಿನ ಆ ತುದಿಗೆ ತಳ್ಳಿದ. ಚಿಮಟ ಹಿಡಿಯಲು ಬರದೆ, ಧೂಳು ಮೆತ್ತಿದ ಬೆರಳಲ್ಲೇ ಕಲ್ಲನ್ನು ಎತ್ತಿ, ಅವಳ ಬೆರಳ ಸಂದಿಯಲ್ಲಿ ಮತ್ತೆ ಕೂರಿಸಿ, ಕುರ್ಚಿಗೆ ಒರಗಿ ದೂರದಿಂದ ನೋಡಿದ. ಬಸ್ಸಿನಲ್ಲಿ ಎದುರು ಸೀಟಿನವರು ನೋಡುವಷ್ಟು ದೂರ. ಆ ದೂರದಿಂದ ಒಂದು ಕೈ ಕಂಡಿತು, ಒಂದು ಕಲೆ ಕಂಡಿತು, ಒಂದರ ನಂತರ ಒಂದು ಬೆಳಗುವ ಮೆಟ್ಟಿಲುಗಳು ಕಂಡವು. ಚುಕ್ಕೆ ಎಲ್ಲಿತ್ತು ಎಂಬುದೇ ನೆನಪಿಗೆ ಬರಲಿಲ್ಲ.

“ಚೆನ್ನಾಗಿದೆ,” ಎಂದ.

ದನಿ ಗೊಗ್ಗರಾಗಿ ಬಂತು. ಎಷ್ಟೋ ವರ್ಷ ತೆರೆಯದ ಟ್ರಂಕಿನ ಮುಚ್ಚಳದ ಹಾಗೆ.

“ಏನು ಚೆನ್ನಾಗಿದೆ?” ಅವಳು ಬಿಡಲಿಲ್ಲ.

“ಮೆಟ್ಟಿಲುಗಳು ನೇರ ಇವೆ. ನಾಲ್ಕು ಮೂಲೆನೂ ಒಂದೇ ಥರ. ಬೆಳಕು ಸೋರಲ್ಲ.” ತಡೆದ. “ಕಲ್ಲಷ್ಟೇ ಅಲ್ಲ. ಕೈನೂ.”

“ಕಲೆ?”

“ಕಲೆನೂ ಇದೆ.”

“ಸುಳ್ಳು ಹೇಳ್ಲಿಲ್ಲ, ಪುಣ್ಯಾತ್ಮ,” ಎಂದರು ಕಲ್ಲಮ್ಮ ಕಿಟಕಿಯಿಂದ ತಿರುಗಿ. “ತಗೋ ಮಗಳೇ. ಇದಕ್ಕಿಂತ ಚೆನ್ನಾಗಿ ಹೇಳೋನು ಸಿಗಬಹುದು, ಆದ್ರೆ ಅವನು ಹೇಳಿದ್ದನ್ನ ನಂಬೋ ಹಾಗಿರಲ್ಲ.”

ಹುಡುಗಿ ಕೈಯನ್ನು ಇನ್ನೊಮ್ಮೆ ಬೆಳಕಿಗೆ ತಿರುಗಿಸಿದಳು. “ಇದೇ ಇರ್ಲಿ ಅಮ್ಮಾ,” ಎಂದಳು. ಉಂಗುರಕ್ಕೆ ಬೆರಳಿನ ಅಳತೆ ಕೊಟ್ಟಳು, ಕಲ್ಲಿಗೆ ಮುಂಗಡವೆಂದು ಅವನು ಜೇಬು ಖಾಲಿ ಮಾಡಿದ. ಹೊಸ ಕಾಗದಕ್ಕೆ ಹಾಕಿಡುತ್ತೇನೆಂದು ಕಲ್ಲಮ್ಮ ಖಾನೆಗೆ ಕೈ ಹಾಕಿದಾಗ ಹುಡುಗಿ ತಡೆದಳು. “ಬೇಡ, ಅದರಲ್ಲೇ ಇಡಿ. ಕಾಟು ಬಿದ್ದೂ ಉಳ್ಕೊಂಡ ಮೊದಲನೇ ಮಾಲು ಅದು.”

ಬಸ್‌ಸ್ಟಾಪಿನ ಕಬ್ಬಿಣದ ಬೆಂಚಿನ ಮೇಲೆ ಇಬ್ಬರೂ ಮೂಟೆಗಳ ಹಾಗೆ ಕುಸಿದರು. ಬಸ್ಸು ಬರುವ ಸೂಚನೆ ಇರಲಿಲ್ಲ. ಅವಳು ಕಾಲು ಚಾಚಿ ಚಪ್ಪಲಿ ತೋರಿಸಿದಳು.

“ಹೋದ ತಿಂಗಳು ತಗೊಂಡೆ. ನೀನು ನೋಡ್ಲೇ ಇಲ್ಲ.”

ಅವನು ಬಾಗಿ ನೋಡಿದ. ಹಿಮ್ಮಡಿಯ ಪಟ್ಟಿಯ ಹೊಲಿಗೆ ಎರಡು ಕಡೆ ಬಿಟ್ಟಿತ್ತು. ಕೈ ತಾನಾಗಿಯೇ ಕಿವಿಯ ಕಡೆ ಹೋಯಿತು. ಅಲ್ಲಿ ಏನೂ ಇರಲಿಲ್ಲ, ಪೆನ್ಸಿಲ್ ಕಲ್ಲಮ್ಮನ ಮೇಜಿನ ಮೇಲೇ ಉಳಿದಿತ್ತು. ಸೋಮವಾರ ಕಾರ್ಖಾನೆಯ ಸ್ಟೋರಿನಲ್ಲಿ ಹೊಸದು ಕೇಳಬೇಕು, ಹಳೆಯದು ಎಲ್ಲಿ ಎಂದು ಅಲ್ಲಿಯವರು ನೂರು ಪ್ರಶ್ನೆ ಹಾಕುತ್ತಾರೆ.

“ಹೊಲಿಗೆ ಬಿಡ್ತಾ ಇದೆ,” ಎಂದ. ಅವಳು ಮುಖ ಎತ್ತುವ ಮೊದಲೇ ಸೇರಿಸಿದ, “ಬಣ್ಣ ಚೆನ್ನಾಗಿದೆ.”

ಅವಳು ಅವನ ಭುಜಕ್ಕೆ, ಕೆಳಗಿರುವ ಬಲಭುಜಕ್ಕೇ, ತಲೆಯಿಟ್ಟು ಕಣ್ಣು ಮುಚ್ಚಿದಳು.

“ಒಂದೇ ದಿನಕ್ಕೆ ಎರಡಾಯ್ತು,” ಎಂದಳು. “ಇವತ್ತಿಗೆ ಸಾಕು ಬಿಡು. ಸುಸ್ತಾಗಿರತ್ತೆ ನಿನಗೆ.”