ಬೀಚನಹಳ್ಳಿಯಿಂದ ಬಂದ ಹನ್ನೆರಡು ಸಾಲು

ಅಣ್ಣತಮ್ಮಂದಿರ ಪಾಲಿನಲ್ಲಿ ನನಗೆ ಕಲ್ಲುಭೂಮಿ ಬಂದಾಗಲೂ ಉರಿಯದ ಹೊಟ್ಟೆ, ಹನ್ನೆರಡು ಸಾಲು ಕೋಡ್ ನೋಡಿ ಧಗಧಗ ಉರಿಯಿತು. ಸುಳ್ಳು ಯಾಕೆ ಹೇಳಲಿ, ಮೂರು ವಾರ ಉರಿಯಿತು.

ಕಂಪ್ಯೂಟರ್ ಆನ್ ಮಾಡಿದಾಗ ಮೊಟ್ಟಮೊದಲು ಎದ್ದು ಮಿಕ್ಕವರನ್ನೆಲ್ಲ ಎಬ್ಬಿಸುವ ಒಂದು ಪುಟ್ಟ ಪ್ರೋಗ್ರಾಂ ಇರುತ್ತದೆ. ಅದಕ್ಕೆ ಬೂಟ್‌ಲೋಡರ್ ಅನ್ನುತ್ತಾರೆ. ಯಾರು ಬೇಕಾದರೂ ಓದಿ ತಿದ್ದಬಹುದಾದ, ನಾನಾ ದೇಶದವರು ಸೇರಿ ಬರೆಯುವ ಅಂಥದ್ದೊಂದು ಬೂಟ್‌ಲೋಡರ್‌ನಲ್ಲಿ ಭದ್ರತಾ ಚಿಪ್‌ನ ಭಾಗ ನನ್ನದು. ಒಳಗಿನ ಪ್ರೋಗ್ರಾಂ ಅನ್ನು ಯಾರಾದರೂ ಬದಲಾಯಿಸಿದ್ದರೆ ಗೊತ್ತಾಗುವಂತೆ ಗುರುತಿಟ್ಟುಕೊಳ್ಳುವ, ಉಗುರಿನಷ್ಟಿರುವ ಚಿಪ್ ಅದು. ಅದರ ಜೊತೆ ಮಾತಾಡುವ ಕೋಡನ್ನು ಆರು ವರ್ಷದಿಂದ ಬಿಳಿಕೆರೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕೂತು ನೋಡಿಕೊಳ್ಳುತ್ತಿದ್ದೇನೆ. ಹೊಟ್ಟೆಪಾಡಿಗೆ ಬೇರೆ ಕೆಲಸವಿದೆ, ಇದು ನನ್ನ ಹುಚ್ಚು. ಹೊಣೆಗಾರರ ಪಟ್ಟಿಯಲ್ಲಿ ಆ ಭಾಗದ ಎದುರಿಗೆ ಒಂದೇ ಒಂದು ಹೆಸರು, ನನ್ನದು. ನಾನು ಹ್ಞೂಂ ಅನ್ನದೆ ಅಲ್ಲಿ ಒಂದು ಅಕ್ಷರ ಅಲ್ಲಾಡುವಂತಿಲ್ಲ.

ಅಂಥ ಜಾಗಕ್ಕೆ ಒಂದು ಬೆಳಗ್ಗೆ, ಎಲ್ಲರೂ ಓದುವ ಮೇಲಿಂಗ್ ಲಿಸ್ಟಿನಲ್ಲಿ, ಹೆಸರೇ ಕೇಳದ ಹುಡುಗಿಯೊಬ್ಬಳ ಪ್ಯಾಚ್ ಬಂತು. ಪ್ಯಾಚ್ ಅಂದರೆ ತಿದ್ದುಪಡಿ. ಕಾಲುವೆಯ ನೀರಿನ ಮಟ್ಟ ಅಳೆಯುವ ಪೆಟ್ಟಿಗೆ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಅವಳ ಕೆಲಸವಂತೆ. ಪೆಟ್ಟಿಗೆ ತಾನಾಗಿ ಮರುಶುರುವಾದರೆ ಚಿಪ್ ಉತ್ತರ ಕೊಡದೆ ಅಲ್ಲೇ ನಿಂತುಬಿಡುತ್ತದಂತೆ. ‘ಆಗ ಯಾರಾದರೂ ಹೋಗಿ ಕೈಯಿಂದ ಆಫ್ ಮಾಡಿ ಆನ್ ಮಾಡಬೇಕು’ ಎಂದು ಬರೆದಿದ್ದಳು. ಶುರುವಿನಲ್ಲೇ ಚಿಪ್‌ನ ರೀಸೆಟ್ ತಂತಿಗೆ ಒಮ್ಮೆ ಸಂಕೇತ ಕೊಟ್ಟು ಅದನ್ನು ಹೊಸದಾಗಿ ಎಬ್ಬಿಸುವ ಹನ್ನೆರಡು ಸಾಲು ಸೇರಿಸಿದ್ದಳು. ತಿಂಗಳ ಕೊನೆಗೆ ಹೊಸ ಆವೃತ್ತಿ ಹೊರಡುವುದಿತ್ತು. ಅಷ್ಟರೊಳಗೆ ನಾನು ಒಪ್ಪಿದರೆ ಅದರಲ್ಲಿ ಸೇರುತ್ತದೆ, ಇಲ್ಲದಿದ್ದರೆ ಇನ್ನೂ ಮೂರು ತಿಂಗಳು ಕಾಯಬೇಕು. ಅವಳ ಕಂಪನಿಯವರು ಅಧಿಕೃತ ಆವೃತ್ತಿ ಬಿಟ್ಟು ಬೇರೇನನ್ನೂ ಪೆಟ್ಟಿಗೆಗೆ ಹಾಕುವವರಲ್ಲ.

ನಾನು ಓದಿ ಮುಗಿಸುವ ಮೊದಲೇ ಇಡೀ ಯೋಜನೆಯ ಯಜಮಾನ, ಯುರೋಪಿನ ಹಿರಿಯ, ಅವಳಿಗೆ ಉತ್ತರ ಬರೆದಿದ್ದ: ‘ಸೊಗಸಾದ ಕೆಲಸ.’ ನನಗೆ ಪ್ರತ್ಯೇಕವಾಗಿ ಇನ್ನೊಂದು ಪತ್ರ: ‘ಈಕೆಯನ್ನೂ ನಿನ್ನ ಜೊತೆ ಹೊಣೆಗಾರಳಾಗಿ ಸೇರಿಸಿಕೊಂಡರೆ ಹೇಗೆ?’

ಆಹಾ! ಆರು ವರ್ಷ ಕತ್ತೆಯಂತೆ ದುಡಿದ ನನಗೆ ಆ ಮಹಾನುಭಾವ ಒಂದು ದಿನವೂ ಸೊಗಸು ಅಂದವನಲ್ಲ. ಸರಿ ಅಂದರೆ ಸರಿ, ತಪ್ಪು ಅಂದರೆ ತಪ್ಪು, ಅಷ್ಟೇ. ನಿನ್ನೆ ಮೊನ್ನೆ ಬಂದವಳಿಗೆ ಹನ್ನೆರಡು ಸಾಲಿಗೇ ಸೊಗಸು! ಮೈಯೆಲ್ಲ ಉರಿದುಹೋಯಿತು. ಆ ಸಾಲುಗಳನ್ನು ಮತ್ತೆ ಮತ್ತೆ ಓದಿದೆ. ಎಲ್ಲಾದರೂ ಹುಳುಕು ಸಿಕ್ಕೀತೇ ಎಂದು ಹುಡುಕಿದೆ. ಅಚ್ಚುಕಟ್ಟಾಗಿದ್ದವು, ಅದೇ ಇನ್ನೂ ಸಿಟ್ಟು ತರಿಸಿತು.

ಮೊದಲ ವಾರ, ಕೋಡಿನ ನಡುವೆ ಬರೆಯುವ ವಿವರಣೆ, ಅಂದರೆ ಕಾಮೆಂಟಿನ ಭಾಷೆ ಸರಿಯಿಲ್ಲ ಎಂದು ವಾಪಸ್ ಕಳಿಸಿದೆ. ತಿದ್ದಿ ಕಳಿಸಿದಳು. ಎರಡನೇ ವಾರ ಹನ್ನೆರಡು ಸಾಲನ್ನು ಎರಡು ಪ್ಯಾಚಾಗಿ ಒಡೆಯಿರಿ ಅಂದೆ. ಒಡೆದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು, “ಅದ್ಯಾಕ್ರೀ ಅಂಗೆ ಮುಖ ಊದಿಸ್ಕಂಡಿದ್ದೀರಾ? ಆ ಹುಡುಗಿ ಏನ್ ತಪ್ಪು ಮಾಡವ್ಳೆ ಅಂತ ಹೇಳಿ ಮತ್ತೆ.”

“ತಪ್ಪೇನೂ ಇಲ್ಲ ಕಣೇ.”

“ಅದಕ್ಕೇನಾ ಇಷ್ಟು ಕ್ವಾಪ?” ಅಂದು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು.

ಮೂರನೇ ವಾರ, ಪರೀಕ್ಷೆಗೆಂದು ಇಟ್ಟುಕೊಂಡಿರುವ, ಆ ಚಿಪ್ ಕೂರಿಸಿದ ನನ್ನ ಬೋರ್ಡ್ ತೆಗೆದು, ಅವಳ ಸಾಲುಗಳಿಲ್ಲದ ಹಳೆಯ ಕೋಡನ್ನೇ ನಡೆಸಿ ನೋಡಿದೆ. ಬಿಳಿಕೆರೆಯಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತದೆ, ಬರುವಾಗ ಮೈಮೇಲೆ ಬಿದ್ದಹಾಗೆ ಬರುತ್ತದೆ. ಒಮ್ಮೆ ಹಾಗೆ ಬಂದು ಒಂದು ಬೋರ್ಡ್ ಸುಟ್ಟುಹೋಗಿತ್ತು. ಅಂದಿನಿಂದ ಒಂದು ಪರೀಕ್ಷೆ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸುವುದು, ಮುಂದಿನದಕ್ಕೆ ಮತ್ತೆ ಹಾಕುವುದು ನನ್ನ ಅಭ್ಯಾಸ. ಹತ್ತು ಸಲ ಆರಿಸಿ ಹಾಕಿದೆ. ಹತ್ತು ಸಲವೂ ಚಿಪ್ ಜಾಣಮರಿಯಂತೆ ಉತ್ತರ ಕೊಟ್ಟಿತು. ಸಿಕ್ಕಿಬಿದ್ದಳು! ಕುಣಿಯುವುದೊಂದು ಬಾಕಿ. ಎಲ್ಲರ ಎದುರಿಗೆ ಬರೆದೆ: ‘ನನ್ನಲ್ಲಿ ಈ ತೊಂದರೆ ಕಾಣುತ್ತಿಲ್ಲ. ನೀವು ನಿಜವಾದ ಬೋರ್ಡಿನ ಮೇಲೆ ಪರೀಕ್ಷೆ ಮಾಡಿದ್ದೀರಾ?’

ಅವಳ ಉತ್ತರ ಒಂದು ಸಾಲು: ‘ಹೌದು ಸರ್, ನಮ್ಮ ಅಪ್ಪ ದಿನಾ ಮಾಡುತ್ತಾರೆ.’

ಎಲಾ ಇವಳ! ಅಪ್ಪನನ್ನೂ ಎಳೆದು ತಂದಳಲ್ಲ, ಇದೇನು ಶಾಲೆಯ ಜಗಳವೇ ಎಂದು ಕೆಂಡವಾದೆ. ಜೊತೆಗೆ ನನಗೊಬ್ಬನಿಗೇ ಬೇರೆ ಪತ್ರ ಬರೆದಿದ್ದಳು. ‘ಸರ್, ನಿಮ್ಮ ಊರು ಬಿಳಿಕೆರೆ ಅಂತ ಹಳೇ ಮೇಲ್ ಒಂದರಲ್ಲಿ ಓದಿದ್ದೆ. ನಮ್ಮದು ಬೀಚನಹಳ್ಳಿ. ಬೋರ್ಡ್ ತಂದು ತೋರಿಸಲೇ?’ ಬೀಚನಹಳ್ಳಿ! ಅವಳು ಜರ್ಮನಿಯಲ್ಲೋ ಜಪಾನಿನಲ್ಲೋ ಇದ್ದಾಳೆಂದು ನಾನು ಹೊಟ್ಟೆ ಉರಿದುಕೊಂಡಿದ್ದರೆ, ಇವಳು ಪಕ್ಕದ ತಾಲ್ಲೂಕಿನಲ್ಲೇ ಕೂತಿದ್ದಾಳೆ. ಬರಲಿ, ಎದುರಿಗೇ ತೋರಿಸಿ ಕಳಿಸೋಣ ಎಂದು ಬನ್ನಿ ಅಂದೆ.

ಭಾನುವಾರ ಬೆಳಗ್ಗೆ ಬಂದರು, ಅವಳು ಮತ್ತು ಅವಳ ಅಪ್ಪ. ಅವರ ತಾಲ್ಲೂಕು ಕೇಂದ್ರ ಕೋಟೆಗೊಂದು ಬಸ್ಸು, ಅಲ್ಲಿಂದ ಹುಣಸೂರಿಗೊಂದು, ಬಿಳಿಕೆರೆಗೊಂದು. ಅಪ್ಪ ಕಾಲುವೆಯಿಂದ ಗದ್ದೆಗಳಿಗೆ ನೀರು ಬಿಡುವ ನೀರಗಂಟಿಯಾಗಿದ್ದವರು, ಈಗ ಆ ಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತಾರೆ. ಎಡ ಮೊಣಕಾಲಿಗೆ ಪಟ್ಟಿ ಸುತ್ತಿದ್ದರು. ಜಗುಲಿಯ ಮೆಟ್ಟಿಲು ಹತ್ತಲು ಮಗಳ ಭುಜ ಹಿಡಿದರು. ಹೆಂಡತಿ ಕಾಫಿ ತಂದಳು.

ನಾನು ನನ್ನ ಬೋರ್ಡ್ ಹಚ್ಚಿ, ಮಾಮೂಲಿನಂತೆ ಗೋಡೆಯ ಸ್ವಿಚ್ಚಿಗೆ ಕೈ ಹಾಕಿದೆ.

“ಸರ್, ಸ್ವಿಚ್ ಆಫ್ ಮಾಡ್ಬೇಡಿ” ಅಂದಳು ಹುಡುಗಿ. “ಕರೆಂಟ್ ಇರ್ಲಿ. ಬರೀ ರೀಸೆಟ್ ಗುಂಡಿ ಒತ್ತಿ.”

ಒತ್ತಿದೆ. ಪ್ರೊಸೆಸರ್ ಎದ್ದಿತು, ಚಿಪ್ ಏಳಲಿಲ್ಲ. ಇನ್ನೊಮ್ಮೆ ಒತ್ತಿದೆ. ಪರದೆಯ ಮೇಲೆ ಆರು ವರ್ಷದ ಹಿಂದೆ ನಾನೇ ಬರೆದ ಸಾಲು ಬಂತು: ಚಿಪ್ ಉತ್ತರಿಸುತ್ತಿಲ್ಲ. ಪ್ರತಿ ಸಲವೂ ಗೋಡೆಯ ಸ್ವಿಚ್ ಆರಿಸಿ ನಾನೇ ಚಿಪ್‌ಗೆ ಹೊಸ ಹುಟ್ಟು ಕೊಡುತ್ತಿದ್ದೆ, ತೊಂದರೆ ಕಾಣುವುದಾದರೂ ಹೇಗೆ? ಅವಳ ವಿವರಣೆಯ ಎರಡನೇ ಸಾಲಿನಲ್ಲೇ ‘ವಿದ್ಯುತ್ ಕಡಿಯದೆ’ ಎಂದಿತ್ತು. ಹೊಟ್ಟೆಯುರಿಯಲ್ಲಿ ಅಲ್ಲಿಯವರೆಗೂ ನಾನು ಓದಿರಲಿಲ್ಲ.

ಅಪ್ಪ ಬಾಗಿ ಪರದೆ ನೋಡಿ ನಕ್ಕರು. “ಅಗೋ, ಇದೇ ಕಣವ್ವ! ನಮ್ ಪೆಟ್ಗೇಲೂ ಇಂಗೇ ಬತ್ತದೆ. ನಾನೂ ಅಷ್ಟೇ ಕಣ್ರೀ ಸ್ವಾಮಿ, ನಿಮ್ ತರನೇ, ಆಫ್ ಮಾಡೋದು ಆನ್ ಮಾಡೋದು. ಅನ್ನೊಂದು ಪೆಟ್ಗೆ ಅವೆ. ಗಾಡಿ ಹೋಗಲ್ಲ ಕಾಲುವೆ ಏರಿ ಮ್ಯಾಲೆ, ನಡ್ಕಂಡೇ ಹೋಗ್ಬೇಕು. ಈಗ ಮೂರ್ ವಾರದಿಂದ ಜಾಸ್ತಿ ಆಗ್ಬುಟ್ಟದೆ.”

ಮೂರು ವಾರ. ಕಾಮೆಂಟಿನ ಭಾಷೆಗೆ ಒಂದು ವಾರ, ಒಡೆಯಲು ಒಂದು ವಾರ, ನನ್ನ ಕೊಂಕಿಗೆ ಒಂದು ವಾರ. ಇನ್ನೊಂದು ವಾರ ಎಳೆದಿದ್ದರೆ ಆವೃತ್ತಿ ತಪ್ಪಿ ಇನ್ನೂ ಮೂರು ತಿಂಗಳ ನಡಿಗೆ. ‘ಯಾರಾದರೂ ಹೋಗಿ’ ಎಂದು ಅವಳು ಬರೆದಿದ್ದ ಆ ಯಾರಾದರೂ ನನ್ನ ಕುರ್ಚಿಯ ಪಕ್ಕದಲ್ಲಿ ಮೊಣಕಾಲು ಹಿಡಿದುಕೊಂಡು ನಿಂತಿದ್ದರು. ಕೂತುಕೊಳ್ಳಿ ಅನ್ನಲೂ ನನಗೆ ತೋಚಿರಲಿಲ್ಲ. ಹೆಂಡತಿ ಸ್ಟೂಲು ತಂದು ಹಾಕಿದಳು, ನನ್ನ ಕಡೆ ನೋಡಲಿಲ್ಲ.

ಅವಳ ಹನ್ನೆರಡು ಸಾಲು ಹಾಕಿ ಗುಂಡಿ ಒತ್ತಿದೆ. ಚಿಪ್ ಎದ್ದಿತು. ಮತ್ತೆ ಒತ್ತಿದೆ, ಮತ್ತೆ ಎದ್ದಿತು.

ಪ್ರತಿ ಪ್ಯಾಚಿನ ಅಡಿಗೆ ಬರೆದವರು ಯಾರು, ಪರೀಕ್ಷಿಸಿದವರು ಯಾರು ಎಂದು ಹೆಸರು ಹಾಕುವುದು ನಮ್ಮ ರಿವಾಜು. ಪರೀಕ್ಷಿಸಿದವರು ಎಂಬಲ್ಲಿ ಆರು ವರ್ಷ ನನ್ನ ಹೆಸರನ್ನೇ ಹಾಕುತ್ತಾ ಬಂದಿದ್ದೆ, ಗೋಡೆಯ ಸ್ವಿಚ್ ನಂಬಿಕೊಂಡು. ಅಲ್ಲಿಗೆ ಬಂದು ಕೈ ನಿಂತಿತು. ನಿಮ್ಮ ಹೆಸರೇನು ಎಂದು ಅಪ್ಪನನ್ನು ಕೇಳಿದೆ.

“ನನ್ನೆಸ್ರು ಯಾಕ್ರೀ ಅದ್ರೊಳಗೆ?”

“ಪರೀಕ್ಷೆ ಮಾಡಿದವರು ನೀವೇ ಅಲ್ವಾ.”

ಅವರು ಹೇಳಿದ ಹೆಸರನ್ನು ಅಲ್ಲಿ ಬರೆದೆ. ಹೊಣೆಗಾರರ ಪಟ್ಟಿಯಲ್ಲಿ ನನ್ನ ಹೆಸರಿನ ಪಕ್ಕಕ್ಕೆ ಹುಡುಗಿಯ ಹೆಸರನ್ನೂ ಸೇರಿಸಿದೆ. ಸೇರಿಸುವಾಗ ಹೊಟ್ಟೆ ಮತ್ತೊಮ್ಮೆ ಚುರ್ ಅಂದದ್ದು ನಿಜ. ಕಳಿಸಿ ಎದ್ದೆ. ಕೈ ತನ್ನ ಪಾಡಿಗೆ ಗೋಡೆಯ ಸ್ವಿಚ್ಚಿನ ಕಡೆ ಹೋಯಿತು.

“ಬುಡಿ ಸ್ವಾಮಿ” ಅಂದರು ಅಪ್ಪ, ಮೊಣಕಾಲು ನೀವಿಕೊಳ್ಳುತ್ತಾ. “ಇನ್ಮ್ಯಾಕೆ ಆಫ್ ಮಾಡಂಗಿಲ್ವಂತಲ್ಲ.”