ಸುಮಕ್ಕನ ಕಂಪ್ಯೂಟರಿನಲ್ಲಿ ದೊಡ್ಡಪ್ಪನ ಲಾರಿ

ಹೊಸ ಕಂಪ್ಯೂಟರು ಮೊದಲ ಸಲ ಕಾದಾಗ ಒಂದು ವಾಸನೆ ಬರುತ್ತದೆ. ಇಸ್ತ್ರಿಪೆಟ್ಟಿಗೆಯ ಕೆಳಗೆ ಕೊಂಚ ಹೆಚ್ಚು ಹೊತ್ತು ಉಳಿದುಬಿಟ್ಟ ಬಟ್ಟೆಯ ವಾಸನೆಯ ಹಾಗೆ, ಒಣಗಿದ ಹಾಗೆ, ಸ್ವಲ್ಪ ಸಿಹಿಯಾಗಿಯೂ. ಈಚೆಗೆ ಕಡೂರಿನ ನಮ್ಮ ಮನೆಯಲ್ಲಿ ನನ್ನ ಮೈದುನ ಕಡಿಮೆ ಬೆಲೆಯ ಬಿಡಿಭಾಗಗಳನ್ನು ತಂದು ತಾನೇ ಒಂದು ಕಂಪ್ಯೂಟರು ಜೋಡಿಸಿಕೊಂಡ. ಅದರ ಮುಂದೆ ಕೂತವನು, "ಅತ್ತಿಗೆ, ಗೇಮು ನಿಂತು ನಿಂತು ಓಡ್ತೈತೆ. ಹೊಸದು ಅಂತ ಹೇಳೋಕೇ ನಾಚ್ಕೆ ಆಗ್ತೈತೆ" ಎಂದು ಗೊಣಗುತ್ತಿದ್ದಾಗ ಆ ವಾಸನೆ ಅಡುಗೆಮನೆಯ ತನಕ ಬಂತು. ಫೋನಿನಲ್ಲಿ ಏನೇನೋ ನೋಡಿಕೊಂಡು ಸಂಜೆಯೊಳಗೆ ಅವನೇ ಸರಿಮಾಡಿಕೊಂಡ. ನನಗೆ ಮಾತ್ರ ಅವತ್ತು ಯಾವ ಕೆಲಸವೂ ಸಾಗಲಿಲ್ಲ. ಒಲೆ ಆರಿಸಿ ಹಿತ್ತಿಲ ಕಟ್ಟೆಯ ಮೇಲೆ ಸುಮ್ಮನೆ ಕೂತೆ. ಅಜ್ಜಂಪುರದ ದೊಡ್ಡಪ್ಪನ ಮನೆ ಕಣ್ಣ ಮುಂದೆ ಬಂದು ನಿಂತಿತ್ತು.

ನನ್ನ ಅಪ್ಪ ಅಮ್ಮ ಹಿರೇನಲ್ಲೂರಿನಲ್ಲಿ ಹೊಲ ನೋಡಿಕೊಂಡಿದ್ದರು. ಓದಿಗೆಂದು ನನ್ನನ್ನು ದೊಡ್ಡಪ್ಪನ ಮನೆಯಲ್ಲಿ ಬಿಟ್ಟಿದ್ದರು. ರಸ್ತೆಗೇ ಬಾಗಿಲು ತೆರೆದ ಹೆಂಚಿನ ಮನೆ ಅದು. ಪಡಸಾಲೆಯ ಅರ್ಧ ಭಾಗದಲ್ಲಿ ಸದಾ ಈರುಳ್ಳಿ ಹರವಿರುತ್ತಿತ್ತು; ಯಾರಾದರೂ ಓಡಾಡಿದರೆ ಸಾಕು, ಅದರ ಸಿಪ್ಪೆ ಎದ್ದು ಹಾರಾಡಿ ದೇವರಮನೆಯ ಹೊಸ್ತಿಲಲ್ಲಿ ಬಂದು ಕೂರುತ್ತಿತ್ತು. ದೊಡ್ಡಮ್ಮ ದಿನವಿಡೀ ಗುಡಿಸುತ್ತಿದ್ದಳು. ದೊಡ್ಡಪ್ಪ ಲಾರಿ ಓಡಿಸುತ್ತಿದ್ದವರು. ನಮ್ಮ ಸೀಮೆಯ ಈರುಳ್ಳಿಯನ್ನು ಘಟ್ಟದ ಕೆಳಗೂ ಬೆಂಗಳೂರಿಗೂ ಹೊತ್ತು ಹೋಗಿ, ಬರುವಾಗ ಮೈತುಂಬ ಡೀಸೆಲ್ಲಿನ ವಾಸನೆ ತರುತ್ತಿದ್ದರು. ನಾನು ಆ ಮನೆಗೆ ಬಂದ ಮೇಲೆ ಒಂದು ಬೇಸಿಗೆಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಎರಡೂ ಬಿದ್ದುಹೋದವು. ಜೀವ ಉಳಿಯಿತು, ಲಾರಿ ಹೋಯಿತು. ಆಮೇಲೆ ಅವರು ಜಗುಲಿಯ ಕಂಬಕ್ಕೆ ಒರಗಿ ಕೂತು ಹೋಗಿಬರುವ ಗಾಡಿಗಳನ್ನು ನೋಡುತ್ತಿದ್ದರು. ಮಾತು ಕಡಿಮೆಯಾಯಿತು. ಅನ್ನ ಕಲಸಿ ಕೊಡಲು ದೊಡ್ಡಮ್ಮ ಬಂದರೆ ಮುಖ ತಿರುಗಿಸಿ, ಇದ್ದೊಂದು ಬಲಗೈಯಲ್ಲಿ ತಾವೇ ಕಲಸಿಕೊಳ್ಳುತ್ತಿದ್ದರು.

ಅವರ ಮಗಳು ಸುಮಕ್ಕ ಆಗ ಡಿಪ್ಲೊಮಾ ಓದುತ್ತಿದ್ದಳು. ನೆರೆಮನೆಯವರು ಬಿಸಾಡಿದ ಹಳೇ ಕ್ಯಾಬಿನೆಟ್ಟು, ಗೆಳತಿಯ ಅಣ್ಣ ಕೊಟ್ಟ ಮಾನಿಟರು, ಶಿವಮೊಗ್ಗದಿಂದ ತಂದ ಹೊಸ ಬೋರ್ಡು, ಯಾರೋ ಬಳಸಿ ಬಿಟ್ಟ ಗ್ರಾಫಿಕ್ಸ್ ಕಾರ್ಡು, ಹೀಗೆ ಒಂದೊಂದಾಗಿ ಕೂಡಿಸಿ ಅವಳು ಪಡಸಾಲೆಯ ಮೂಲೆಯಲ್ಲಿ ಕಂಪ್ಯೂಟರು ನಿಲ್ಲಿಸಿದಳು. ಓದಿಗೆ ಎಂದು ಎಲ್ಲರಿಗೂ ಹೇಳಿದ್ದಳು. ಆದರೆ ಮೊದಲು ಹಾಕಿದ್ದು ಲಾರಿ ಓಡಿಸುವ ಗೇಮು. ಅದನ್ನು ನಾಲ್ಕು ಗುಂಡಿಗಳಲ್ಲಿ, ಒಂದೇ ಕೈಯಲ್ಲಿ ಆಡಬಹುದಿತ್ತು. ದೊಡ್ಡಪ್ಪನನ್ನು ನಾವಿಬ್ಬರೂ ಆನಿಸಿಕೊಂಡು ಕರೆತಂದು ಕುರ್ಚಿಯಲ್ಲಿ ಕೂರಿಸಿದೆವು. ಪರದೆಯ ಮೇಲೆ ಸ್ಟೀರಿಂಗು, ಮುಂದೆ ಯಾವುದೋ ದೇಶದ ಅಗಲವಾದ ರಸ್ತೆ. ಅವರು ವಿಭೂತಿ ಹಚ್ಚಿದ ಹಣೆಯನ್ನು ಹತ್ತಿರ ತಂದು ನೋಡಿದರು. "ಏನವ್ವಾ ಇದು, ಒಳ್ಳೆ ಗಾಡಿನೇ ತಂದಿದೀಯಲ್ಲ" ಎಂದರು. ಎಷ್ಟೋ ತಿಂಗಳ ಮೇಲೆ ಅವರ ಬಾಯಲ್ಲಿ ಅಷ್ಟು ಉದ್ದದ ಮಾತು ಬಂದಿತ್ತು.

ಆದರೆ ಗಾಡಿ ಓಡಲಿಲ್ಲ. ಓಡಿತು ಎನ್ನುವುದಾದರೆ, ಮುಂದೆ ಜಿಗಿದು, ನಿಂತು, ಮತ್ತೆ ಜಿಗಿಯಿತು. ದೊಡ್ಡಪ್ಪ ಗುಂಡಿ ಒತ್ತಿದ ಎಷ್ಟೋ ಹೊತ್ತಿನ ಮೇಲೆ ಲಾರಿ ತಿರುಗುತ್ತಿತ್ತು. ಅಷ್ಟರಲ್ಲಿ ರಸ್ತೆ ಮುಗಿದು ತಡೆಗೋಡೆ ಬಂದಿರುತ್ತಿತ್ತು. ಮತ್ತೆ ಮತ್ತೆ ಹಾಗೇ ಆಯಿತು. ಅವರು ನಮ್ಮ ಹೆಗಲು ಹಿಡಿದು ಎದ್ದರು. ಮರುದಿನ ಜಗುಲಿಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ಬಲಗೈಯ ಬೆರಳುಗಳನ್ನು ಮಡಿಸಿ ಬಿಡಿಸಿ ತೋರಿಸಿದರು. "ಪುಟ್ಟಿ, ನಿಂಗೆ ಕಾಣ್ತೈತಾ? ಇದೂ ನಿಧಾನ ಆಗೈತೆ. ನಾನು ತಿರುಗ್ಸಿದ ಮ್ಯಾಲೂ ಗಾಡಿ ತಿರುಗ್ತಿಲ್ಲ ಅಂದ್ರೆ ಈ ಕೈನೂ ಹೊಂಟೋಯ್ತು ಅಂತ್ಲೇ." ಅವತ್ತು ಊಟದ ಹೊತ್ತಿಗೆ ಅವರು ದೊಡ್ಡಮ್ಮ ಕಲಸಿಕೊಟ್ಟ ಅನ್ನವನ್ನು ಮರುಮಾತಿಲ್ಲದೆ ತಿಂದರು. ನಾನು ತಟ್ಟೆ ಬಿಟ್ಟು ಹೋಗಿ ಸುಮಕ್ಕನಿಗೆ ಹೇಳಿದೆ.

ಅವಳು ಹೆದರಿದಳು. ಅವತ್ತಿನಿಂದ ಕಾಲೇಜಿನಿಂದ ಬಂದವಳೇ ಆ ಪೆಟ್ಟಿಗೆಯ ಮುಂದೆ ಕೂರುತ್ತಿದ್ದಳು. ಗೇಮಿನ ಮರಗಿಡಗಳನ್ನೂ ನೆರಳುಗಳನ್ನೂ ಕಡಿಮೆ ಮಾಡಿದಳು. ಚಿತ್ರ ಮಸುಕಾಯಿತೇ ಹೊರತು ವೇಗ ಹೆಚ್ಚಲಿಲ್ಲ. ಕರೆಂಟು ಸರಿಯಿಲ್ಲವೇನೋ ಎಂದು ಸ್ಟೆಬಿಲೈಸರು ತಂದಳು. ಕಾದು ಹೀಗಾಗುತ್ತಿದೆ ಎಂದು ಮುಚ್ಚಳ ಬಿಚ್ಚಿದರೆ ಒಳಗಿನ ಫ್ಯಾನಿಗೆ ಈರುಳ್ಳಿ ಸಿಪ್ಪೆ ಸುತ್ತಿಕೊಂಡಿತ್ತು. ನಾವು ಅದನ್ನು ಹುಷಾರಾಗಿ ಬಿಡಿಸಿ, ಪಕ್ಕದಲ್ಲಿ ಟೇಬಲ್ ಫ್ಯಾನು ಇಟ್ಟೆವು. ಅದರಿಂದ ಇನ್ನಷ್ಟು ಸಿಪ್ಪೆ ಹಾರಿತು, ದೊಡ್ಡಮ್ಮ ಬೈದಳು. ಒಂದು ಸಲ ಸುಮಕ್ಕ, "ಇದಕ್ಕೆ ಬೇರೆ ಡ್ರೈವರ್ ಹಾಕ್ಬೇಕು ಅನ್ಸುತ್ತೆ" ಎಂದಳು. ಆ ಹೆಸರಿನ ತಂತ್ರಾಂಶ ಒಂದಿದೆ ಎಂದು ದೊಡ್ಡಪ್ಪನಿಗೇನು ಗೊತ್ತು? ಜಗುಲಿಯಿಂದಲೇ, "ಹಾಕವ್ವಾ, ಇರೋ ಡ್ರೈವರ್ ಕೆಟ್ಟೋಗವ್ನೆ" ಎಂದರು. ಸುಮಕ್ಕ ನಗಲಿಲ್ಲ. ಬೋರ್ಡು ಕೊಟ್ಟ ಅಂಗಡಿಯವರಿಗೆ ಫೋನು ಮಾಡಿದರೆ, "ಹಳೇ ಕಾರ್ಡು ಅಷ್ಟೇ ಕಣಮ್ಮ, ಇನ್ನೇನು ಬರುತ್ತೆ" ಎಂದು ಇಟ್ಟುಬಿಟ್ಟರು. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತು. "ನಾನು ಯಾಕಾದ್ರೂ ತಂದ್ನೋ" ಎಂದು ಗೋಡೆಗೆ ತಲೆಯಾನಿಸಿ ಕೂತ ಅವಳನ್ನು ನೋಡುತ್ತ ನನಗೂ ಸಾಕಾಗಿಹೋಗಿತ್ತು.

ದೀಪಾವಳಿಗೆ ಮುಂಚೆ ದೊಡ್ಡಮ್ಮ ಗೋಡೆಗೆ ಸುಣ್ಣ ಹೊಡೆಸಬೇಕೆಂದು ಹಟ ಹಿಡಿದಳು. ಟೇಬಲ್ಲನ್ನು ನಡುಮನೆಗೆ ಎಳೆದೆವು. ಮತ್ತೆ ವೈರುಗಳನ್ನು ಸಿಕ್ಕಿಸುವಾಗ ಪೆಟ್ಟಿಗೆಯ ಹಿಂಭಾಗ ಮೊದಲ ಸಲ ಬಾಗಿಲ ಬೆಳಕಿಗೆ ಬಂದಿತ್ತು. ಸುಮಕ್ಕ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಮಾನಿಟರಿನ ವೈರು ಕೂರುವಂಥ ಜಾಗ ಅಲ್ಲಿ ಎರಡಿದ್ದವು, ಒಂದೇ ಥರದವು. ಮೇಲಿನದು ಬೋರ್ಡಿನದು, ಕೆಳಗಿನದು ಆ ಗ್ರಾಫಿಕ್ಸ್ ಕಾರ್ಡಿನದು. ಇಷ್ಟು ದಿನ ನಾವು ಸಿಕ್ಕಿಸಿದ್ದು ಮೇಲಿನದಕ್ಕೆ. ಚಿತ್ರ ಬರೆಯಲೆಂದೇ ತಂದ ಕಾರ್ಡು ಒಳಗೆ ಕೆಲಸವಿಲ್ಲದೆ ಕೂತಿತ್ತು. "ಅಯ್ಯೋ ಶಿವನೇ, ಇಷ್ಟೇನಾ" ಎಂದು ವೈರನ್ನು ಕೆಳಗಿನದಕ್ಕೆ ಸಿಕ್ಕಿಸಿದಳು. ಅವಳ ದನಿಯಲ್ಲಿ ಗೆದ್ದ ಖುಷಿಗಿಂತ ದಣಿವೇ ಹೆಚ್ಚಿತ್ತು.

ಸುಣ್ಣದ ಹಸಿ ವಾಸನೆಯ ನಡುವೆ ದೊಡ್ಡಪ್ಪನನ್ನು ಮತ್ತೆ ಕರೆತಂದೆವು. ಅವರು ಬರಲೊಲ್ಲರು, "ಬ್ಯಾಡ ಕಣ್ರವ್ವಾ" ಎನ್ನುತ್ತಲೇ ಕೂತರು. ಗುಂಡಿ ಒತ್ತಿದರು. ಲಾರಿ ನೀರಿನ ಹಾಗೆ ಸರಿಯಿತು. ಬಲಕ್ಕೆ ಒತ್ತಿದರೆ ಬಲಕ್ಕೆ, ಬಿಟ್ಟರೆ ನೇರ. ಅವರ ಬೆನ್ನು ನೆಟ್ಟಗಾಯಿತು. ತಿರುವು ಬರುವ ಮುಂಚೆಯೇ ವೇಗ ಇಳಿಸಿದರು, ಎದುರು ಬಂದ ಗಾಡಿಗೆ ದಾರಿ ಬಿಟ್ಟರು, ಬಾಯಲ್ಲೇ ಹಾರ್ನು ಹೊಡೆದರು. ದೊಡ್ಡಮ್ಮ ಪೊರಕೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ತುಂಬ ದೂರ ಹೋದ ಮೇಲೆ ರಸ್ತೆಬದಿಯ ಬಯಲೊಂದರಲ್ಲಿ ಲಾರಿಯನ್ನು ಒಪ್ಪವಾಗಿ ನಿಲ್ಲಿಸಿ, ಕೈ ತೆಗೆದರು. ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿಕೊಂಡರು.

"ಕೈ ನಂದೇ ಐತೆ" ಎಂದರು.

"ಇನ್ನೂ ಓಡ್ಸಿ ಅಪ್ಪಾಜಿ, ಮುಂದೆ ಘಟ್ಟ ಐತೆ" ಎಂದಳು ಸುಮಕ್ಕ.

"ಸಾಕು ಕಣವ್ವಾ. ಓಡ್ಸಿ ಓಡ್ಸಿ ದಣಿದಿದೀನಿ."

ಅವರು ಮತ್ತೆ ಆ ಕುರ್ಚಿಯಲ್ಲಿ ಕೂರಲಿಲ್ಲ. ಆದರೆ ಆ ಮಧ್ಯಾಹ್ನ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡು ತಾವೇ ಕಲಸಿಕೊಂಡು ಉಂಡರು.

ದೊಡ್ಡಪ್ಪ ಹೋಗಿ ಬಹಳ ಕಾಲವಾಯಿತು, ಅವರ ಹಿಂದೆಯೇ ದೊಡ್ಡಮ್ಮನೂ. ರಸ್ತೆ ಅಗಲ ಮಾಡುವಾಗ ಮನೆಯ ಮುಂಭಾಗ ಹೋಯಿತು. ಉಳಿದದ್ದನ್ನು ಕೊಂಡವರು ಕೆಡವಿ ಮಳಿಗೆ ಕಟ್ಟಿದರು. ಸುಮಕ್ಕ ಈಗ ಬುಕ್ಕಾಂಬುಧಿಯ ಸೊಸೆ. ಹಿಂದಿನ ಸಲ ಹೋದಾಗ ನಾವಿಬ್ಬರೂ ಕೆರೆ ಏರಿಯ ಮೇಲೆ ಕೂತಿದ್ದೆವು. ಮಕ್ಕಳ ಮಾತು, ಮಂಡಿನೋವಿನ ಮಾತು ಎಲ್ಲ ಮುಗಿದ ಮೇಲೆ ಅವಳು ಕೇಳಿದಳು:

"ಆ ಮನೆ ನಿಂಗೆ ಕನಸಲ್ಲಿ ಬರ್ತೈತೇನೇ?"

"ಬರ್ತೈತೆ ಅಕ್ಕಾ, ಆಗಾಗ."

"ನಂಗೆ ಬರಲ್ಲ ಕಣೇ. ನೆನೆಸ್ಕೊಂಡೇ ಮಲಗ್ತೀನಿ, ಆದ್ರೂ ಬರಲ್ಲ."

ನಾನು ಅವಳ ಕೈ ಹಿಡಿದುಕೊಂಡೆ. ಕೆರೆಯ ನೀರಿನ ಮೇಲಿನ ಬೆಳಕು ಆಚೆ ದಡದವರೆಗೆ ಸರಿದು, ಅಲ್ಲಿಂದಲೂ ಹೋಯಿತು. ಏಳಲು ಇಬ್ಬರಿಗೂ ಮನಸ್ಸಿರಲಿಲ್ಲ.