ಅಟ್ಟದ ಶಾಸನ ಮತ್ತು ನನ್ನ ದವಡೆ ಹಲ್ಲು

ನಮ್ಮ ಸೀಮೆಯಲ್ಲಿ ತಾಳ್ಮೆಯ ಪಾಠ ನಡೆಯುವುದು ಅಟ್ಟದ ಮೇಲೆ. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಮುಗಿಯಿತು, ಹತ್ತಿರ ಹತ್ತಿರ ಒಂದು ವರ್ಷ ಯಾರೂ ಮುಟ್ಟುವ ಹಾಗಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ತಾನಾಗಿ ಕರಟ ಬಿಟ್ಟು ಉಂಡೆ ಕೊಬ್ಬರಿಯಾಗಬೇಕು. ನಡುವೆ ಕೈಯಾಡಿಸಬಾರದು ಎಂಬುದು ತುರುವೇಕೆರೆ ಕಡೆಯ ನಮ್ಮ ಮನೆಯಲ್ಲಿ ಅತ್ತೆಯ ಶಾಸನ. ಕೊಬ್ಬರಿಗೇನೋ ಸರಿ. ಆದರೆ ನಮ್ಮವರು ಇದನ್ನೇ ನೆಗಡಿಗೂ, ಸೋರುವ ಸೂರಿಗೂ, ನಾದಿನಿಯ ಮದುವೆಗೂ ಅನ್ವಯಿಸುತ್ತಿದ್ದರು. ಕಡೆಗೆ ನನ್ನ ಹಲ್ಲಿಗೂ ಅನ್ವಯಿಸಿದರು.

ಎಂಬತ್ತರ ದಶಕದ ಮೊದಲ ವರ್ಷಗಳು. ತೋಟಕ್ಕೆ ಬಂತು ಬಂತು ಎನ್ನುತ್ತಿದ್ದ ನಾಲೆ ಬರುವ ಮೊದಲೇ ನನ್ನ ಬಲಗಡೆಯ ದವಡೆ ಹಲ್ಲಿಗೆ ರೂಟ್ ಕೆನಾಲ್ ಬಂತು. ತುಮಕೂರಿನ ಹಲ್ಲಿನ ಡಾಕ್ಟರು ನರ ತೆಗೆದು, ಬೇರು ತೊಳೆದು, ಸಿಮೆಂಟು ತುಂಬಿ ಕಳಿಸಿದ್ದರು. ಅದಕ್ಕೆ ಮನೆಯಲ್ಲಿ ದೊಡ್ಡ ರಾದ್ಧಾಂತವೇ ಆಗಿತ್ತು. ನಮ್ಮಲ್ಲಿ ಹಲ್ಲು ನೋವು ಅಂದರೆ ಕೀಳಿಸುವುದು, ಅಷ್ಟೆ. ಅತ್ತೆ ಹಾಗೆಯೇ ಒಂದೊಂದಾಗಿ ಕೀಳಿಸಿ, ನಲವತ್ತಕ್ಕೆಲ್ಲ ಬಾಯಿ ಖಾಲಿ ಮಾಡಿಕೊಂಡು, ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಕೊಂಡು ತಿನ್ನುತ್ತಿದ್ದರು. ಮೂವತ್ತಕ್ಕೇ ಆ ಕುಟ್ಟಾಣಿಯ ವಾರಸುದಾರಳಾಗುವ ಆಸೆ ನನಗಿರಲಿಲ್ಲ. ನನಗೆ ನನ್ನ ಹಲ್ಲು ಬೇಕಿತ್ತು.

ಹಲ್ಲಿಗೆ ಮಾತ್ರ ನನ್ನ ಮೇಲೆ ಅಷ್ಟು ಪ್ರೀತಿ ಇರಲಿಲ್ಲ. ಸ್ವಲ್ಪ ದಿನ ಸುಮ್ಮನಿದ್ದು ಆಮೇಲೆ ಶುರುಮಾಡಿತು. ಅಗಿದರೆ ನೋವು. ಒಸಡಿನ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದು, ಒಡೆದು, ಬಾಯೆಲ್ಲ ಕೆಟ್ಟ ರುಚಿಯಾಗಿ, ಮತ್ತೆ ಅಲ್ಲೇ ಏಳುತ್ತಿತ್ತು.

"ರೀ, ಇನ್ನೊಂದ್ಸಲ ತುಮಕೂರಿಗೆ ಹೋಗ್ಬೇಕು" ಎಂದೆ ಗಂಡನಿಗೆ.

"ಅವ್ವನ್ನ ಕೇಳು" ಎಂದರು, ಪೇಪರಿನಿಂದ ತಲೆಯೆತ್ತದೆ. ಬಾಯಿ ನನ್ನದು, ಹಲ್ಲು ನನ್ನದು, ಅಪ್ಪಣೆ ಮಾತ್ರ ಅವರವ್ವನದು.

ಅತ್ತೆ ನನ್ನ ಬಾಯಿಯನ್ನು ನೋಡುವ ಗೋಜಿಗೂ ಹೋಗಲಿಲ್ಲ. "ಒಳಗೆಲ್ಲ ಕೆದಕವ್ರೆ, ಇನ್ನೂ ಹಸಿ ಐತೆ. ಒಣಗ್ಲಿ ಬುಡು. ಅಟ್ಟದ ಕಾಯ್ನ ದಿನಾ ಅಲ್ಲಾಡಿಸಿ ನೋಡ್ತಾರೇನೇ?"

"ಇದು ಕಾಯಲ್ಲ ಅತ್ತೆ, ಹಲ್ಲು."

"ಎರಡೂ ಗಟ್ಟಿನೇ ಕಣೇ."

ಇಂಥ ವಿಜ್ಞಾನದ ಮುಂದೆ ನಾನೇನು ಹೇಳಲಿ? ಇದೇ ಮನೆಯಲ್ಲಿ ಅವರ ಮಗರಾಯನ ಕಾಲಿಗೆ ಮುಳ್ಳು ಚುಚ್ಚಿದಾಗ ಅದೇ ಗಳಿಗೆಯಲ್ಲಿ ತಿಪಟೂರಿಗೆ ಕಾರು ಮಾಡಿಸಿದ್ದರು. ಮಗನ ಕಾಲು ಅಟ್ಟ ಹತ್ತುವುದಿಲ್ಲವಲ್ಲ, ಸೊಸೆಯ ಹಲ್ಲು ಹತ್ತುತ್ತದೆ. ನಾನು ಉಪ್ಪುನೀರು ಮುಕ್ಕಳಿಸುತ್ತಾ, ಲವಂಗ ಕಚ್ಚುತ್ತಾ, ಎಡಗಡೆಯಲ್ಲೇ ಉಣ್ಣುತ್ತಾ ಒಣಗುವುದನ್ನು ಕಾದೆ. ಕೆನ್ನೆ ಊದಿಕೊಂಡಿತು. ಮನೆಗೆ ಬಂದ ನೆಂಟರ ಹೆಂಗಸೊಬ್ಬರು, "ಮೈಕೈ ತುಂಬ್ಕೊಂಡಿದ್ದೀಯ ಕಣಮ್ಮ, ಗಂಡನ ಮನೆ ಅನ್ನ ಚೆನ್ನಾಗಿ ಒಗ್ಗೈತೆ" ಎಂದು ಹರಸಿ ಹೋದರು.

ಒಂದು ಬೆಳಿಗ್ಗೆ ಅತ್ತೆಯ ಎದುರು ಕೂತು ಸೊಪ್ಪು ಬಿಡಿಸುತ್ತಾ ಏನೋ ಹೇಳುತ್ತಿದ್ದೆ. ಅವರು ಮೂಗು ಅರಳಿಸಿದರು. ಅಟ್ಟದಲ್ಲಿ ಒಂದೇ ಒಂದು ಕಾಯಿ ಕೆಟ್ಟರೂ ಕೆಳಗೆ ಕೂತೇ ಹೇಳುವ ಮೂಗು ಅದು.

"ಕೌಟು ವಾಸ್ನೆ" ಎಂದರು. "ಒಳಗೆ ಕೆಟ್ಟೈತೆ. ಕೆಟ್ಟ ಕಾಯ್ನ ಮಿಕ್ಕಿದ್ದರ ಜೊತೆ ಇಕ್ಕಬಾರ್ದು. ನಡಿ, ಕೀಳಿಸಿಬುಡಾನ."

ನೋಡಿ, ಅಪ್ಪಣೆ ಸಿಕ್ಕಿತು, ಆದರೆ ಕೀಳಿಸುವುದಕ್ಕೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೆನ್ನೆ ಹಿಡಿದುಕೊಂಡು ಕೂತಿದ್ದೆ. ಹೆದರಿಕೆಗೆ ನೋವೇ ಮರೆತಿತ್ತು.

"ಕಿತ್ತಾಕ್ಬುಡಪ್ಪ" ಎಂದು ಅತ್ತೆ ಡಾಕ್ಟರಿಗೆ ಆಜ್ಞೆ ಮಾಡಿದರು. ಡಾಕ್ಟರು ಹಲ್ಲನ್ನು ತಟ್ಟಿ ನೋಡಿ, ಎಕ್ಸ್‌ರೇ ತೆಗೆದು, ಗಂಟಲು ಸರಿಮಾಡಿಕೊಂಡರು. ಬೇರಿನಲ್ಲಿ ಇನ್ನೊಂದು ಸಣ್ಣ ದಾರಿ ಇತ್ತಂತೆ, ಅವತ್ತು ಅವರ ಕಣ್ಣಿಗೆ ಬಿದ್ದಿರಲಿಲ್ಲವಂತೆ. ನನ್ನ ಹಲ್ಲು ಪಾಪ, ಅವರಿಂದ ಅದನ್ನು ಬಚ್ಚಿಟ್ಟಿತ್ತು.

"ಕೀಳೋದು ಬೇಡಮ್ಮ. ಸಿಮೆಂಟು ತೆಗೆದು, ಅದನ್ನೂ ತೊಳೆದು, ಮತ್ತೆ ತುಂಬಿದರೆ ಉಳಿಯುತ್ತೆ. ನೋವು ತಿರುಗಿ ಬಂದಾಗಲೇ ಬರಬೇಕಿತ್ತು, ಯಾಕೆ ಬಿಟ್ಟುಕೊಂಡಿರಿ?"

ನಾನು ಅತ್ತೆಯ ಮುಖ ನೋಡಿದೆ. ಅವರು ಗೋಡೆಯ ಮುಖ ನೋಡಿದರು.

"ಕೀಳಿಸಲ್ಲ" ಎಂದೆ. ಆ ಮನೆಗೆ ಬಂದ ಮೇಲೆ ಯಾರನ್ನೂ ಕೇಳದೆ ನಾನು ಹೇಳಿದ ಮೊದಲ ಮಾತು ಅದು.

ಆಮೇಲೆ ಕೆಲವು ಸಲ ಹೋಗಿ ಬರಬೇಕಾಯಿತು. ಪ್ರತಿ ಸಲವೂ ಅತ್ತೆ ಜೊತೆಗೆ ಬಂದರು, ಡಾಕ್ಟರು ಮತ್ತೇನಾದರೂ ಮರೆತರೆ ಹಿಡಿಯಲು ಅಂತ. ಊತ ಇಳಿಯಿತು, ಗುಳ್ಳೆ ಮಾಯವಾಯಿತು. ಕಡೆಯ ಸಲ ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಹುರಿಗಡಲೆ ಕೊಂಡು, ಬಸ್ಸು ಹತ್ತಿದ ಮೇಲೆ ಬೇಕಂತಲೇ ಬಲಗಡೆಯಲ್ಲಿ ಕಟಕಟ ಅಗಿಯುತ್ತಿದ್ದೆ. ಸಂತೋಷಕ್ಕೆ ಕಣ್ಣಲ್ಲಿ ನೀರೇ ಬಂದಿತ್ತು. ಅತ್ತೆ ಕುಟ್ಟಾಣಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಬಾಯನ್ನೇ ನೋಡುತ್ತಿದ್ದರು.

"ನನ್ನವೂ ಉಳೀತಿದ್ವೇನೇ?" ಎಂದರು.

ಅತ್ತೆಯ ಯಾವ ಮಾತಿಗೂ ಒಳಗೊಳಗೇ ಒಂದು ಕೊಂಕು ತಯಾರಿಟ್ಟಿರುತ್ತಿದ್ದೆ. ಆವತ್ತು ಒಂದೂ ಒದಗಲಿಲ್ಲ. "ನಿಮ್ಮ ಕಾಲಕ್ಕೆ ಇದೆಲ್ಲ ಎಲ್ಲಿತ್ತು ಬುಡಿ ಅತ್ತೆ" ಎಂದೆ.

"ಇತ್ತಂತೆ. ನೀನು ಬಾಯಿ ಮುಕ್ಕಳಿಸ್ತಿದ್ದಾಗ ಡಾಕ್ಟ್ರನ್ನ ಕೇಳ್ದೆ" ಎಂದು ಅತ್ತೆ ಕಿಟಕಿಯ ಕಡೆ ತಿರುಗಿದರು. "ಒಣಗ್ಲಿ ಬುಡು ಅಂತ ನಮ್ಮತ್ತೆನೂ ಅಂದಿದ್ರು ಕಣೇ."